ಶಾಸನ ಓದುವುದಕ್ಕೆ ಎಂಟು ಇಂಚಿನ ಟ್ಯಾಬ್ಲೆಟ್ಟೋ, ಹನ್ನೊಂದು ಇಂಚಿನದೋ?

ಪ್ರಶ್ನೆ: ಮಾಸ್ತಿಕಲ್ಲು

ಎಲ್ಲರಿಗೂ ನಮಸ್ಕಾರ. ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ವೀರಗಲ್ಲು, ಮಾಸ್ತಿಕಲ್ಲುಗಳನ್ನು (ಸಹಗಮನ ಮಾಡಿದ ಹೆಂಗಸರ ಸ್ಮಾರಕಶಿಲೆಗಳು) ಕುರಿತು ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಬಿ.ಎಲ್. ರೈಸ್ ಅವರ ಶಾಸನಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೆಯ ಸಂಪುಟಗಳು ನನ್ನ ಕೆಲಸಕ್ಕೆ ಆಧಾರ. ಅವುಗಳ ಸ್ಕ್ಯಾನ್ ಪ್ರತಿಗಳನ್ನು ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡು ಈವರೆಗೆ ಲ್ಯಾಪ್‌ಟಾಪಿನಲ್ಲಿ ಓದುತ್ತಿದ್ದೆ. ಆದರೆ ಕ್ಷೇತ್ರಕಾರ್ಯಕ್ಕೆ ಹೋಗಿ, ಕೆರೆ ಏರಿಯ ಪಕ್ಕದಲ್ಲೋ ಗುಡಿಯ ಹಿಂದಿನ ಲಂಟಾನ ಪೊದೆಯ ನಡುವೆಯೋ ನಿಂತು, ಕಲ್ಲಿನ ಮೇಲಿನ ಸಾಲನ್ನು ಮುದ್ರಿತ ಪಾಠದೊಡನೆ ಹೋಲಿಸಬೇಕಾದಾಗ ಲ್ಯಾಪ್‌ಟಾಪ್ ಇಡುವುದಕ್ಕೆ ಜಾಗವೇ ಇರುವುದಿಲ್ಲ. ಫೋನಿನಲ್ಲಿ ಪುಟವನ್ನು ಹಿಗ್ಗಿಸಿಕೊಂಡು ಓದಿದರೆ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಎಲ್ಲಿದ್ದೆನೆಂಬುದು ತಪ್ಪಿಹೋಗುತ್ತದೆ.

ಇದಲ್ಲದೆ ಹಿಂದಿನ ಸಂಶೋಧಕರ ಪ್ರಬಂಧಗಳನ್ನು (ಎಲ್ಲವೂ ಎ4 ಅಳತೆಯ ಪಿಡಿಎಫ್‌ಗಳು) ಮನೆಯಲ್ಲಿ ಕುಳಿತು ಓದಿ, ಅಂಚಿನಲ್ಲಿ ಟಿಪ್ಪಣಿ ಬರೆಯಬೇಕು. ಶಿವಮೊಗ್ಗದಿಂದ ಬಸ್ಸಿನಲ್ಲಿ ಓಡಾಡುವಾಗ ಸಾಮಾನ್ಯ ಕನ್ನಡ ಪುಸ್ತಕಗಳನ್ನೂ ಓದುವ ಆಸೆಯಿದೆ. ಹೆಚ್ಚೆಂದರೆ 50,000 ರೂಪಾಯಿ ಹೊಂದಿಸಬಲ್ಲೆ. ಅಂಗಡಿಯವರು ಚಿಕ್ಕದು ಹಗುರ, ದೊಡ್ಡದು ಓದುವುದಕ್ಕೆ ಅನುಕೂಲ ಎಂದರು. ಅಷ್ಟು ನನಗೂ ಗೊತ್ತಿತ್ತು. ಎರಡನ್ನೂ ಬಳಸಿದವರು ಯಾರಾದರೂ ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಅಚ್ಚುಮೊಳೆ

ನಾನು ಪುಸ್ತಕಗಳ ಪುಟವಿನ್ಯಾಸ ಮಾಡುವವನು, ಹಾಗಾಗಿ ಪರದೆಯ ಇಂಚಿಗಿಂತ ಮೊದಲು ಪುಟದ ಅಳತೆಯ ಕಡೆಗೇ ನನ್ನ ಗಮನ ಹೋಗುತ್ತದೆ. ಇ-ಪಬ್ ಪುಸ್ತಕವಾದರೆ ಪರದೆಗೆ ತಕ್ಕಂತೆ ಸಾಲುಗಳು ತಾವೇ ಮುರಿದುಕೊಳ್ಳುತ್ತವೆ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಅಂಥದ್ದಕ್ಕೆ ಎಂಟು ಇಂಚು ಧಾರಾಳ. ತಾವು ಓದಬೇಕಾಗಿರುವುದು ಹಾಗಲ್ಲ. ಸ್ಕ್ಯಾನ್ ಮಾಡಿದ ಪುಟವೆಂದರೆ ಒಂದು ಚಿತ್ರ, ಅದು ಇಡಿಯಾಗಿ ಕುಗ್ಗುತ್ತದೆ, ಇಡಿಯಾಗಿ ಹಿಗ್ಗುತ್ತದೆ.

ಎ4 ಹಾಳೆ 210×297 ಮಿ.ಮೀ. ಐಪ್ಯಾಡ್ ಮಿನಿಯ 8.3 ಇಂಚಿನ ಪರದೆಯನ್ನು ನೆಟ್ಟಗೆ ಹಿಡಿದರೆ ಅಗಲ ಸುಮಾರು 116 ಮಿ.ಮೀ. ಅಂದರೆ ಪುಟ ಶೇ. 55ಕ್ಕೆ ಇಳಿಯುತ್ತದೆ, ಪ್ರಬಂಧದಲ್ಲಿ 12 ಪಾಯಿಂಟಿನಲ್ಲಿರುವ ಅಕ್ಷರ ತಮ್ಮ ಕಣ್ಣಿಗೆ ಆರೂವರೆ ಪಾಯಿಂಟಾಗಿ ಕಾಣುತ್ತದೆ. 11 ಇಂಚಿನ ಐಪ್ಯಾಡಿನಲ್ಲಿ ಅದೇ ಪುಟ ಶೇ. 75ಕ್ಕೆ ನಿಂತು ಅಕ್ಷರ 9 ಪಾಯಿಂಟ್ ಆಗುತ್ತದೆ. 13 ಇಂಚಿನದರಲ್ಲಿ ಹತ್ತೂವರೆ, ಆದರೆ ಅದು ತಮ್ಮ ಹಣಕ್ಕೂ ಕೈಗೂ ಮೀರಿದ್ದು. ಕನ್ನಡಕ್ಕೆ ಆರೂವರೆ ಪಾಯಿಂಟ್ ಸಾಲದು ಎನ್ನುವುದು ನನ್ನ ಅನುಭವ. ಮೂಲಾಕ್ಷರ ಹೇಗೋ ತಿಳಿಯುತ್ತದೆ, ಆದರೆ ಅದರ ಕೆಳಗೆ ಇನ್ನೂ ಚಿಕ್ಕದಾಗಿ ಕೂರುವ ಒತ್ತಕ್ಷರವನ್ನು ನಾವು ಓದುವುದಿಲ್ಲ, ಊಹಿಸುತ್ತೇವೆ. ‘ರಾಷ್ಟ್ರ’ ಎಂಬ ಮಾತನ್ನು ಊಹಿಸಿದರೆ ನಷ್ಟವಿಲ್ಲ. ಶಾಸನಪಾಠದಲ್ಲಿ ಊಹೆ ನಡೆಯುವುದೇ?

ಬಸ್ಸಿನಲ್ಲಿ ಓದುವ ಡೆಮಿ 1/8 ಪುಸ್ತಕಗಳ ಲೆಕ್ಕವೇ ಬೇರೆ. ಅವು ಹೆಚ್ಚುಕಡಿಮೆ 140×215 ಮಿ.ಮೀ. ಇರುತ್ತವೆ, ಮಿನಿಯಲ್ಲಿ ಶೇ. 82ರಷ್ಟಾಗಿ ಕಂಡರೂ ಬಿಳಿಯ ಅಂಚನ್ನು ಕತ್ತರಿಸಿಬಿಟ್ಟರೆ ಬಹುತೇಕ ಮೂಲದ ಅಳತೆಗೇ ಬರುತ್ತವೆ.

ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ರೈಸ್ ಸಂಪುಟದ ಒಂದು ಪುಟವನ್ನು ಎ4 ಹಾಳೆಯಲ್ಲಿ ಮುದ್ರಿಸಿಕೊಂಡು ಜೆರಾಕ್ಸ್ ಅಂಗಡಿಗೆ ಹೋಗಿ, ಶೇ. 55ಕ್ಕೆ ಒಂದು, ಶೇ. 75ಕ್ಕೆ ಒಂದು ಪ್ರತಿ ಇಳಿಸಿ ತೆಗೆಸಿಕೊಳ್ಳಿ. ಎರಡನ್ನೂ ಮುಂದಿನ ಸಲ ಕ್ಷೇತ್ರಕಾರ್ಯಕ್ಕೆ ಒಯ್ದು, ಕಲ್ಲಿನ ಮುಂದೆ ನಿಂತು ಓದಿ ನೋಡಿ. ಖರ್ಚು ಹತ್ತು ರೂಪಾಯಿಯೂ ಆಗುವುದಿಲ್ಲ.

ಉತ್ತರ: ಬಿಸಿಲಸೀಮೆ

ರಾಯಚೂರು, ಕೊಪ್ಪಳದ ಕಡೆ ಏಳೆಂಟು ವರ್ಷ ಶಾಸನಗಳ ಬೆನ್ನುಹತ್ತಿ ತಿರುಗಿದವನಾಗಿ ಕೆಲವು ಮಾತು ಸೇರಿಸುತ್ತೇನೆ. ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಅದು ಮೇಜಿನ ಮುಂದೆ ಕುಳಿತವರ ಲೆಕ್ಕ. ಕಲ್ಲಿನ ಮುಂದೆ ನಿಂತಾಗ ಒಂದು ಕೈಯಲ್ಲಿ ಟಾರ್ಚ್ ಇರುತ್ತದೆ. ಅಕ್ಷರದ ಕೊರೆತದಲ್ಲಿ ನೆರಳು ಬೀಳುವಂತೆ ಅದನ್ನು ಓರೆಯಾಗಿ ಹಿಡಿದುಕೊಳ್ಳಬೇಕು. ಟ್ಯಾಬ್ಲೆಟ್ಟಿಗೆ ಉಳಿಯುವುದು ಇನ್ನೊಂದು ಕೈ ಮಾತ್ರ. ಮಿನಿ 293 ಗ್ರಾಂ, 11 ಇಂಚಿನವು 460ರಿಂದ 480 ಗ್ರಾಂ, ಮೇಲೆ ಕವಚದ ತೂಕ. ಐದು ನಿಮಿಷ ಹಿಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಮೂವತ್ತು ಸಾಲಿನ ಶಾಸನ ಮುಗಿಯುವ ಹೊತ್ತಿಗೆ ಮಣಿಕಟ್ಟು ತಾನೇ ಹೇಳುತ್ತದೆ.

ಇನ್ನು ಬಿಸಿಲು. ಆ್ಯಪಲ್ ತನ್ನ ಟ್ಯಾಬ್ಲೆಟ್ಟುಗಳನ್ನು 35 ಡಿಗ್ರಿ ಸೆಲ್ಸಿಯಸ್ ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ಹೇಳುತ್ತದೆ. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಅದು ಬೆಳಗಿನ ಹತ್ತು ಗಂಟೆಯ ಮಾತು. ನನ್ನ ಹಳೆಯ ಟ್ಯಾಬ್ಲೆಟ್ (ಯಾವ ಕಂಪನಿಯದೆಂಬುದು ಬೇಡ) ಬಂಡೆಯ ಮೇಲೆ ಹತ್ತು ನಿಮಿಷ ಇಟ್ಟಿದ್ದಕ್ಕೆ ಮೊದಲು ಮಂಕಾಗಿ, ಆಮೇಲೆ ಬಿಸಿಯಾಗಿದೆ ಎಂದು ಎಚ್ಚರಿಸಿ, ಕೊನೆಗೆ ಕೆಲಸವನ್ನೇ ನಿಲ್ಲಿಸಿತು. ಅದನ್ನು ಹುಣಸೆಮರದ ಬುಡದಲ್ಲಿ ಇರಿಸಿಕೊಂಡು ಅರ್ಧ ಗಂಟೆ ಕಾದೆ. ಸೊರಬದಲ್ಲಿ ಇಷ್ಟು ಕಷ್ಟವಿರಲಾರದು, ಆದರೂ ಚಿಕ್ಕದಾದರೆ ಬಗಲಚೀಲದೊಳಗೆ ತಟ್ಟನೆ ಸೇರಿಸಬಹುದು.

ಪರದೆ ಎಷ್ಟು ಬೆಳಗುತ್ತದೆ ಎಂಬುದರ ಜೊತೆಗೆ ಅದರ ಗಾಜನ್ನೂ ವಿಚಾರಿಸಿ. ಮಿನಿ ಮತ್ತು ಏರ್ ಮಾದರಿಗಳಲ್ಲಿ ಗಾಜು ಪರದೆಗೆ ಅಂಟಿಕೊಂಡಿದೆ, ಪ್ರತಿಫಲನ ತಗ್ಗಿಸುವ ಲೇಪನವೂ ಇದೆ. ಕಡಿಮೆ ಬೆಲೆಯ ಸಾಮಾನ್ಯ ಐಪ್ಯಾಡಿನಲ್ಲಿ ಇವೆರಡೂ ಇಲ್ಲ, ಹೊರಗೆ ಹೋದರೆ ನಮ್ಮ ಮುಖವೇ ಅಕ್ಷರಕ್ಕೆ ಅಡ್ಡ ಬರುತ್ತದೆ. ಇನ್ನೊಂದು ವಿಷಯವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ವೈಫೈ ಮಾತ್ರ ಇರುವ ಐಪ್ಯಾಡುಗಳಲ್ಲಿ ಜಿಪಿಎಸ್ ಇರುವುದಿಲ್ಲ. ಕಲ್ಲು ಇರುವ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಫೋನಿನಲ್ಲೇ ಗುರುತು ಮಾಡಿಕೊಳ್ಳಬೇಕಾಗುತ್ತದೆ.

ಉತ್ತರ: ಓದುಗುಳಿ

ನಾಲ್ಕು ವರ್ಷದಿಂದ ಮಿನಿಯನ್ನೇ ಬಳಸುತ್ತಿದ್ದೇನೆ, ಆದ್ದರಿಂದ ಅದರ ಪಕ್ಷ ವಹಿಸುವುದು ಸಹಜವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಅಚ್ಚುಮೊಳೆಯವರು ಡೆಮಿ ಪುಸ್ತಕಕ್ಕೆ ಹೇಳಿದ ಉಪಾಯವನ್ನು ಎ4 ಪ್ರಬಂಧಕ್ಕೆ ಏಕೆ ಅನ್ವಯಿಸಲಿಲ್ಲವೋ ತಿಳಿಯದು. ಸುತ್ತಲೂ 25 ಮಿ.ಮೀ. ಅಂಚು ಬಿಟ್ಟ ಪುಟದಲ್ಲಿ ಅಕ್ಷರವಿರುವ ಭಾಗ 160×247 ಮಿ.ಮೀ. ಮಾತ್ರ. ಅಂಚನ್ನು ಕತ್ತರಿಸಿ ತೋರಿಸುವ ಪಿಡಿಎಫ್ ಓದುಗ ತಂತ್ರಾಂಶ ಹಾಕಿಕೊಂಡರೆ ಅದೇ ಪುಟ ಶೇ. 71ಕ್ಕೆ ಬರುತ್ತದೆ, 12 ಪಾಯಿಂಟ್ ಎಂಟೂವರೆ ಆಗುತ್ತದೆ. ಅಷ್ಟೂ ಸಾಲದಿದ್ದರೆ ಅಡ್ಡಲಾಗಿ ಹಿಡಿದು ಅರ್ಧರ್ಧ ಪುಟ ಓದಬಹುದು.

ಆದರೆ ಒಂದು ಮಾತನ್ನು ಮುಚ್ಚಿಡಲಾರೆ. ಅಂಚನ್ನು ಕತ್ತರಿಸಿದರೆ ಅಂಚಿನಲ್ಲಿ ಬರೆಯುವುದೆಲ್ಲಿ? ಅಡ್ಡ ಹಿಡಿದರೆ ಅಡಿಟಿಪ್ಪಣಿ ನೋಡುವುದಕ್ಕೆ ಪ್ರತಿ ಸಲವೂ ಕೆಳಗೆ ಹೋಗಿ ಮೇಲೆ ಬರಬೇಕು. ನಾನು ಓದುವುದು ಹೆಚ್ಚಾಗಿ ಕಾದಂಬರಿ, ಪ್ರಬಂಧಸಂಕಲನಗಳನ್ನು. ಹಾಗಾಗಿ ಇವು ನನ್ನನ್ನು ಬಾಧಿಸಿಲ್ಲ.

ಉತ್ತರ: ಅಚ್ಚುಮೊಳೆ

ಓದುಗುಳಿಯವರ ಮಾತು ನ್ಯಾಯವಾದದ್ದೇ. ಪ್ರಶ್ನೆ ಕೇಳಿದವರು ಅಂಚಿನಲ್ಲಿ ಬರೆಯಬೇಕೆಂದದ್ದರಿಂದ ಎ4 ಪುಟದ ಅಂಚನ್ನು ನಾನು ಮುಟ್ಟಲಿಲ್ಲ. ಹಣ ಉಳಿಸಬೇಕೆಂದು ಅಗ್ಗದ ಚಿಕ್ಕ ಟ್ಯಾಬ್ಲೆಟ್ಟಿನ ಕಡೆಗೆ ಮಾತ್ರ ವಾಲಬೇಡಿ ಎಂದು ಸೇರಿಸುತ್ತೇನೆ. ಸ್ಯಾಮ್ಸಂಗ್ ಟ್ಯಾಬ್ ಎ9 ಅನ್ನು ತೆಗೆದುಕೊಳ್ಳಿ: 8.7 ಇಂಚು ಎಂದರೆ ಮಿನಿಗಿಂತ ದೊಡ್ಡದೆನಿಸುತ್ತದೆ, ಆದರೆ ಪರದೆ 1340×800 ಪಿಕ್ಸೆಲ್. ಎ4 ಪುಟದ 8.27 ಇಂಚು ಅಗಲಕ್ಕೆ 800 ಪಿಕ್ಸೆಲ್ ಹಂಚಿದರೆ ಇಂಚಿಗೆ ನೂರೂ ಸಿಗುವುದಿಲ್ಲ. ಮಿನಿಯಲ್ಲಿ 1488 ಪಿಕ್ಸೆಲ್ ಇರುವುದರಿಂದ 180 ಸಿಗುತ್ತದೆ. ಮೂಲ ಎಷ್ಟೇ ಚೆನ್ನಾಗಿ ಸ್ಕ್ಯಾನ್ ಆಗಿದ್ದರೂ ನೂರಕ್ಕಿಂತ ಕಡಿಮೆಯಲ್ಲಿ ‘ಧ’ದ ಹೊಟ್ಟೆಯ ಕೆಳಗಿನ ಸೀಳು ಮುಚ್ಚಿಕೊಂಡು ‘ದ’ ಆಗಿಬಿಡುತ್ತದೆ. ಜೊತೆಗೆ ಎ9ಕ್ಕೆ ಪರದೆಯ ಮೇಲೆ ಬರೆಯುವ ಸ್ಯಾಮ್ಸಂಗ್‌ನ ಎಸ್ ಪೆನ್ ಹೊಂದುವುದಿಲ್ಲ.

ಆಕಾರವನ್ನೂ ನೋಡಿ. ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳಲ್ಲಿ ಬಹಳಷ್ಟು 16:10 ಪ್ರಮಾಣದವು, ವಿಡಿಯೊ ನೋಡುವುದಕ್ಕೆ ಹೇಳಿ ಮಾಡಿಸಿದವು. ನೆಟ್ಟಗೆ ಹಿಡಿದರೆ ಉದ್ದ ಹೆಚ್ಚಾಗಿ, ಅಗಲ ಕಡಿಮೆಯಾಗಿ, ಪುಟದ ಮೇಲೂ ಕೆಳಗೂ ಖಾಲಿ ಪಟ್ಟಿ ಉಳಿಯುತ್ತದೆ. ಅದೇ 11 ಇಂಚಾದರೂ ಪುಟ ಶೇ. 75ರ ಬದಲು 70ರಲ್ಲಿ ನಿಲ್ಲುತ್ತದೆ.

ರೈಸ್ ಅವರ ಸಂಪುಟಗಳಲ್ಲಿ ಕನ್ನಡ ಪಾಠ ಒಂದು ಕಡೆ, ರೋಮನ್ ಲಿಪ್ಯಂತರ ಇನ್ನೊಂದು ಕಡೆ, ಇಂಗ್ಲಿಷ್ ಅನುವಾದ ಮತ್ತೊಂದು ಕಡೆ ಇರುತ್ತದಲ್ಲವೇ? 11 ಇಂಚಿನ ಐಪ್ಯಾಡನ್ನು ಅಡ್ಡ ಹಿಡಿದು ಪರದೆಯನ್ನು ಎರಡು ಮಾಡಿಕೊಂಡರೆ ಒಂದೊಂದು ಪಾಲಿನ ಅಗಲ ಸುಮಾರು 113 ಮಿ.ಮೀ., ಅಂದರೆ ನೆಟ್ಟಗೆ ಹಿಡಿದ ಮಿನಿಯಷ್ಟೇ. ಎರಡು ಮಿನಿಗಳನ್ನು ಅಕ್ಕಪಕ್ಕ ಇಟ್ಟಂತಾಯಿತು, ಎತ್ತರ ಮಾತ್ರ ಸ್ವಲ್ಪ ಕಡಿಮೆ.

ಪ್ರತಿಕ್ರಿಯೆ: ಮಾಸ್ತಿಕಲ್ಲು

ಎಲ್ಲರಿಗೂ ಧನ್ಯವಾದಗಳು. ಜೆರಾಕ್ಸ್ ಪರೀಕ್ಷೆಯನ್ನು ಮಾಡಿಬಿಟ್ಟೆ. ಶೇ. 55ರ ಪ್ರತಿಯನ್ನು ನೋಡಿ ಅಂಗಡಿಯಾತ ಇದು ಪರೀಕ್ಷೆಗೆ ಒಯ್ಯುವ ಚೀಟಿಯೇ ಎಂದು ನಗುತ್ತ ಕೇಳಿದ.

ನಿನ್ನೆ ಸೊರಬದ ಹತ್ತಿರದ ಊರೊಂದರಲ್ಲಿ, ಈಗಾಗಲೇ ಎರಡು ಸಲ ಓದಿದ್ದ ವೀರಗಲ್ಲಿನ ಮುಂದೆಯೇ ನಿಂತು ಎರಡು ಪ್ರತಿಗಳನ್ನೂ ಹಿಡಿದು ನೋಡಿದೆ. ನೆರಳಿನಲ್ಲಿ ಶೇ. 55ರದನ್ನು ಓದಲು ಆಗುತ್ತದೆ ಎಂದೇ ಮೊದಲು ಅನ್ನಿಸಿತು. ಆದರೆ ಅಲ್ಪಪ್ರಾಣ ಬರಬೇಕಾದಲ್ಲಿ ಕಂಡರಣೆಕಾರ (ಶಾಸನ ಕೊರೆದವನು) ಮಹಾಪ್ರಾಣ ಕೊರೆದಿದ್ದ ಒಂದು ಕಡೆ, ಮುದ್ರಿತ ಪಾಠದಲ್ಲಿ ಅದನ್ನು ಹಾಗೆಯೇ ಉಳಿಸಿದ್ದಾರೋ ತಿದ್ದಿದ್ದಾರೋ ಎಂಬುದು ಚಿಕ್ಕ ಪ್ರತಿಯಲ್ಲಿ ನನಗೆ ಗೊತ್ತಾಗಲೇ ಇಲ್ಲ. ದೊಡ್ಡದರಲ್ಲಿ ಒಂದೇ ನೋಟಕ್ಕೆ ತಿಳಿಯಿತು. ನನಗೆ ಬೇಕಾಗಿರುವುದು ಇಂಥ ವ್ಯತ್ಯಾಸಗಳೇ.

ಬೆಲೆ ವಿಚಾರಿಸಿದಾಗ ಇನ್ನೊಂದು ಆಶ್ಚರ್ಯ ಕಾದಿತ್ತು. 2024ರ ಅಕ್ಟೋಬರ್‌ನಲ್ಲಿ ಬಂದ ಮಿನಿಯ ಆರಂಭಿಕ ಬೆಲೆ 49,900 ರೂಪಾಯಿ, ಮರುವರ್ಷ ಬಂದ 11 ಇಂಚಿನ ಸಾಮಾನ್ಯ ಐಪ್ಯಾಡಿನದು 34,900. ಚಿಕ್ಕದೇ ದುಬಾರಿ. ಬಿಸಿಲಸೀಮೆಯವರು ಎಚ್ಚರಿಸಿದ ಗಾಜಿನ ದೋಷ ಆ 11 ಇಂಚಿನದರಲ್ಲಿ ಇದ್ದೇ ಇದೆ. ಮಲೆನಾಡಿನಲ್ಲಿ ನಮ್ಮ ಕಲ್ಲುಗಳು ಬಹುಪಾಲು ಮರದ ಕೆಳಗೇ ಇರುವುದರಿಂದ ಅದನ್ನು ಸಹಿಸಿಕೊಳ್ಳಬಹುದೆಂದುಕೊಂಡಿದ್ದೇನೆ. ಉಳಿಯುವ ಹಣದಲ್ಲಿ, ಪರದೆಯ ಮೇಲೆ ಟಿಪ್ಪಣಿ ಬರೆಯಲು ಆ್ಯಪಲ್‌ನ ಯುಎಸ್‌ಬಿ-ಸಿ ಪೆನ್ಸಿಲ್ ಬರುತ್ತದೆ. ಬಸ್ಸಿನ ಓದಿಗೆ ಮೊದಲಿನಂತೆ ಕಾಗದದ ಪುಸ್ತಕವೇ ಇರಲಿ.

ಬಿಸಿಲಸೀಮೆಯವರಲ್ಲಿ ಒಂದು ವಿನಂತಿ: ಹಿಂಬದಿಯಲ್ಲಿ ಅಂಗೈ ತೂರಿಸಿ ಹಿಡಿಯುವ ಪಟ್ಟಿಯಿರುವ ಕವಚವನ್ನು ತಾವು ಬಳಸಿದ್ದರೆ, ಒಂದು ಕೈಯಲ್ಲಿ ಟಾರ್ಚ್ ಹಿಡಿದುಕೊಂಡೇ, ಟ್ಯಾಬ್ಲೆಟ್ ಹಿಡಿದ ಕೈಯ ಹೆಬ್ಬೆರಳಿನಿಂದ ಪುಟ ತಿರುಗಿಸಲು ಆಗುತ್ತದೆಯೇ ಎಂದು ತಿಳಿಸಿ.

ಉತ್ತರ: ಬಿಸಿಲಸೀಮೆ

ಪಟ್ಟಿಯಿರುವ ಕವಚವನ್ನೇ ಬಳಸುತ್ತಿದ್ದೇನೆ. ಕೈ ಜಾರುವುದಿಲ್ಲ, ಆದರೆ 11 ಇಂಚಿನದರಲ್ಲಿ ಹೆಬ್ಬೆರಳು ಪರದೆಯ ಅಂಚಿನವರೆಗೆ ಮಾತ್ರ ತಲುಪುತ್ತದೆ. ಟಾರ್ಚನ್ನು ಬಗಲಿಗೆ ಸಿಕ್ಕಿಸಿಕೊಂಡು ಇನ್ನೊಂದು ಕೈಯಿಂದಲೇ ತಿರುಗಿಸಬೇಕು. ಹೊರಡುವ ಮೊದಲು ಆ ಊರಿನ ಶಾಸನಗಳ ಪುಟಗಳನ್ನಷ್ಟೇ ಬೇರೆ ಕಡತವಾಗಿ ಮಾಡಿಕೊಂಡು ಹೋಗಿ. ತಿರುಗಿಸಬೇಕಾಗುವುದೇ ನಾಲ್ಕೈದು ಪುಟ, ಜೊತೆಗೆ ಇಡೀ ಸಂಪುಟ ತೆರೆದುಕೊಳ್ಳುವವರೆಗೆ ಕಾಯುವುದೂ ತಪ್ಪುತ್ತದೆ.