ದೇಹಾಂತರಾವಕಾಶ ಭ್ರೂಣದಲ್ಲಿ ರೂಪುಗೊಳ್ಳುವ ಬಗೆ: ಕೋಳಿಮರಿ, ಜಿರಳೆಗಳ ಬಗ್ಗೆ ಸಂದೇಹ

ಪ್ರಶ್ನೆ (ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರ ಉಪನ್ಯಾಸಕಿ)

ಪ್ರಾಣಿ ವರ್ಗೀಕರಣದ ಪಾಠದಲ್ಲಿ ದೇಹಾಂತರಾವಕಾಶವನ್ನು, ಅಂದರೆ ಕರುಳಿಗೂ ದೇಹಭಿತ್ತಿಗೂ ನಡುವಿನ ಟೊಳ್ಳಾದ ಸೀಲೋಮನ್ನು, ವಿವರಿಸುವಾಗ ಎರಡು ಕಡೆ ತೊಡಕಾಗುತ್ತಿದೆ. ಎರೆಹುಳು, ಜಿರಳೆ, ಬಸವನಹುಳುಗಳಲ್ಲಿ ಮಧ್ಯಸ್ತರ (ಭ್ರೂಣದ ಮೂರು ಪದರಗಳಲ್ಲಿ ನಡುವಿನದು) ಸೀಳಿ ಸೀಲೋಮ್ ಉಂಟಾಗುತ್ತದೆ, ನಕ್ಷತ್ರಮೀನು ಮತ್ತು ಕಶೇರುಕಗಳಲ್ಲಿ ಭ್ರೂಣದ ಕರುಳಿನ ಗೋಡೆ ಚೀಲವಾಗಿ ಉಬ್ಬಿ ಬೇರ್ಪಟ್ಟು ಉಂಟಾಗುತ್ತದೆ ಎಂದು ಸಾಮಾನ್ಯವಾಗಿ ಪಟ್ಟಿ ಮಾಡಿಸುತ್ತೇವೆ. ಆದರೆ ಕೋಳಿಮರಿಯ ಭ್ರೂಣದ ಅಡ್ಡಸೀಳಿಕೆಯ ಸ್ಲೈಡಿನಲ್ಲಿ ಕರುಳಿನಿಂದ ಹೊರಟ ಚೀಲ ಎಲ್ಲಿಯೂ ಕಾಣುವುದಿಲ್ಲ. ಹಾಗೆಯೇ ಜಿರಳೆಗೆ ಸೀಲೋಮ್ ಇದೆ ಎಂದು ಕಲಿಸುತ್ತೇವಾದರೂ ಅದರ ಒಳಾಂಗಗಳೆಲ್ಲ ನೇರವಾಗಿ ರಕ್ತದಲ್ಲೇ ಮುಳುಗಿರುತ್ತವೆ. ಇವೆರಡನ್ನೂ ಭ್ರೂಣಶಾಸ್ತ್ರದ ನೆಲೆಯಿಂದ ಹೇಗೆ ವಿವರಿಸಬೇಕು?

ಉತ್ತರ 1 (ಪ್ರಾಣಿಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ)

ಮೇಡಂ, ಸ್ಲೈಡು ಹೇಳುವುದೇ ಸರಿ. ಕಾವಿಗಿಟ್ಟ ಎರಡನೇ ದಿನದ ಕೋಳಿಮೊಟ್ಟೆಯ ಭ್ರೂಣವನ್ನು ಅಡ್ಡಲಾಗಿ ಸೀಳಿ ನೋಡಿದರೆ, ನಡುವೆ ನರನಾಳ, ಅದರ ಇಕ್ಕೆಲಗಳಲ್ಲಿ ಸೋಮೈಟುಗಳು (ಮುಂದೆ ಸ್ನಾಯು, ಬೆನ್ನುಮೂಳೆಗಳಾಗುವ ಮಧ್ಯಸ್ತರದ ಗಂಟುಗಳು), ಅವುಗಳಾಚೆ ಪಾರ್ಶ್ವದ ಮಧ್ಯಸ್ತರ ಕಾಣುತ್ತವೆ. ಈ ಪಾರ್ಶ್ವದ ಹಾಳೆಯೇ ಎರಡಾಗಿ ಬಿಚ್ಚಿಕೊಂಡು, ಒಂದು ಪದರ ಹೊರಸ್ತರಕ್ಕೂ ಇನ್ನೊಂದು ಒಳಸ್ತರಕ್ಕೂ ಅಂಟಿಕೊಳ್ಳುತ್ತದೆ. ನಡುವೆ ಉಳಿಯುವ ಸೀಳೇ ಸೀಲೋಮ್. ಅಂದರೆ ಕಶೇರುಕಗಳು ನಕ್ಷತ್ರಮೀನಿನ ಬಳಗಕ್ಕೆ ಸೇರಿದ ಡ್ಯೂಟೆರೋಸ್ಟೋಮುಗಳೇ (ಭ್ರೂಣದಲ್ಲಿ ಗುದ ಮೊದಲು, ಬಾಯಿ ಆಮೇಲೆ ಮೂಡುವ ಪ್ರಾಣಿಗಳು) ಆಗಿದ್ದರೂ ಅವುಗಳ ಸೀಲೋಮ್ ಉಂಟಾಗುವುದು ಮಧ್ಯಸ್ತರ ಸೀಳುವುದರಿಂದ.

ಕರುಳಿನಿಂದ ಚೀಲ ಒಡೆಯುವ ಕ್ರಮವನ್ನು ನಿಚ್ಚಳವಾಗಿ ನೋಡಬೇಕಾದರೆ ನಕ್ಷತ್ರಮೀನಿನ ಪಾರದರ್ಶಕ ಲಾರ್ವಾವನ್ನೇ ನೋಡಬೇಕು. ಅದರಲ್ಲಿ ಆದಿಕರುಳಿನ ತುದಿಯಿಂದ ಎಡಕ್ಕೊಂದು ಬಲಕ್ಕೊಂದು ಚೀಲ ಹೊರಟು ಕಳಚಿಕೊಳ್ಳುತ್ತವೆ, ಮುಂದೆ ಎಡಚೀಲದ ಒಂದು ಭಾಗವೇ ಬೆಳೆದು ಕೊಳವೆಪಾದಗಳನ್ನು ನಡೆಸುವ ಜಲನಾಳ ವ್ಯವಸ್ಥೆಯಾಗುತ್ತದೆ. ಇವೆರಡು ಕ್ರಮಗಳ ನಡುವೆ ಗೋಡೆಯಿಲ್ಲ ಎಂಬುದಕ್ಕೆ ಕಶೇರುಕಗಳ ಹತ್ತಿರದ ಬಂಧುವಾದ, ಮೀನಿನಂಥ ಪುಟ್ಟ ಕಡಲಪ್ರಾಣಿ ಆಂಫಿಯಾಕ್ಸಸ್‌ಗಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ: ಒಂದೇ ಭ್ರೂಣದಲ್ಲಿ ಮುಂಭಾಗದ ಸೋಮೈಟುಗಳು ಕರುಳಿನ ಚೀಲಗಳಾಗಿ ಹುಟ್ಟುತ್ತವೆ, ಹಿಂಭಾಗದವು ಗಟ್ಟಿ ಕೋಶಸಮೂಹಗಳಾಗಿ ಹುಟ್ಟಿ ಆಮೇಲೆ ಟೊಳ್ಳಾಗುತ್ತವೆ. ಆದ್ದರಿಂದ ಸೀಲೋಮನ್ನು ಅದರ ಒಳಮೈಗೆ ಎಲ್ಲ ಕಡೆಯೂ ಮಧ್ಯಸ್ತರದ ಹೊದಿಕೆ ಇದೆಯೇ ಎಂಬುದರಿಂದ ಗುರುತಿಸಬೇಕೇ ಹೊರತು ಅದು ಹುಟ್ಟಿದ ಕ್ರಮದಿಂದಲ್ಲ.

ಉತ್ತರ 2 (ಕೀಟಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ)

ಜಿರಳೆಯ ವಿಷಯವನ್ನು ಎರೆಹುಳುವಿನಿಂದ ಆರಂಭಿಸಿದರೆ ಸುಲಭವಾಗುತ್ತದೆ. ಎರೆಹುಳುವಿನ ಭ್ರೂಣದಲ್ಲಿ ಮಧ್ಯಸ್ತರದ ಎರಡು ಪಟ್ಟಿಗಳು ಬೆಳೆದು ಖಂಡಖಂಡವಾಗಿ ಒಡೆಯುತ್ತವೆ, ಪ್ರತಿ ಖಂಡವೂ ಒಳಗೆ ಟೊಳ್ಳಾಗಿ ಚೀಲವಾಗುತ್ತದೆ. ಹಿಂದುಮುಂದಿನ ಚೀಲಗಳ ಗೋಡೆಗಳು ಪರಸ್ಪರ ಒತ್ತಿಕೊಂಡಲ್ಲಿ ಖಂಡಗಳ ನಡುವಿನ ಪೊರೆಗಳೂ, ಎಡಬಲದ ಚೀಲಗಳು ಕರುಳಿನ ಮೇಲೆ ಕೆಳಗೆ ಸಂಧಿಸಿದಲ್ಲಿ ಕರುಳನ್ನು ಹಿಡಿದಿಡುವ ಪೊರೆಗಳೂ ಏರ್ಪಡುತ್ತವೆ. ಕೆರಳಿಸಿದ ಎರೆಹುಳುವಿನ ಬೆನ್ನಿನ ರಂಧ್ರಗಳಿಂದ ಒಸರುವ ದ್ರವ ಈ ಚೀಲಗಳಲ್ಲಿ ತುಂಬಿರುವುದೇ.

ಜಿರಳೆಯ ಭ್ರೂಣವೂ ಇದೇ ದಾರಿಯಲ್ಲಿ ಹೊರಡುತ್ತದೆ. ಪ್ರತಿ ಖಂಡದಲ್ಲೂ ಜೋಡಿ ಚೀಲಗಳು ಕಾಣಿಸಿಕೊಳ್ಳುತ್ತವೆ. ಆದರೆ ಅವುಗಳ ಗೋಡೆಗಳು ಬೇಗನೆ ಬಿಚ್ಚಿಹೋಗಿ, ಅಲ್ಲಿನ ಕೋಶಗಳು ಸ್ನಾಯು, ಕೊಬ್ಬಿನ ಅಂಗ, ಬೆನ್ನಿನ ಹೃದಯನಾಳಗಳಾಗಿ ಬದಲಾಗುತ್ತವೆ. ಚೀಲಗಳೊಳಗಿನ ಅವಕಾಶ ಹೊರಗಿನ ಪ್ರಾಥಮಿಕ ಅವಕಾಶದೊಂದಿಗೆ ಬೆರೆತು ರಕ್ತ ತುಂಬಿದ ಅವಕಾಶ, ಅಂದರೆ ಹೀಮೋಸೀಲ್ ಆಗುತ್ತದೆ. ಪ್ರೌಢ ಜಿರಳೆಯಲ್ಲಿ ನಿಜವಾದ ಸೀಲೋಮಿನ ಉಳಿಕೆ ಜನನಾಂಗಗಳಲ್ಲಿದೆ, ಸೀಗಡಿಯಲ್ಲಿ ವಿಸರ್ಜನಾಂಗವಾದ ಹಸಿರು ಗ್ರಂಥಿಯ ತುದಿಚೀಲದಲ್ಲೂ ಇದೆ. ಬಸವನಹುಳುವಿನಂಥ ಮೃದ್ವಂಗಿಗಳಲ್ಲಿ ಹೃದಯವನ್ನು ಸುತ್ತಿದ ಅವಕಾಶ ಹಾಗೆಯೇ ಉಳಿದುಕೊಂಡಿದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಜಂತುಹುಳುವಿನ ಮಿಥ್ಯಾಸೀಲೋಮನ್ನು (ಮಧ್ಯಸ್ತರದ ಹೊದಿಕೆ ಪೂರ್ತಿಯಾಗಿಲ್ಲದ ಅವಕಾಶ) ದೇಹಾವಕಾಶವೇ ಇಲ್ಲದ ಚಪ್ಪಟೆಹುಳುವಿಗೂ ಎರೆಹುಳುವಿಗೂ ನಡುವಿನ ಮೆಟ್ಟಿಲು ಎಂದು ಹೇಳಬಹುದೇ? ಮನುಷ್ಯನ ಭ್ರೂಣದಲ್ಲಿ ಈ ಒಂದೇ ಸೀಳು ಎದೆಯ ಮತ್ತು ಹೊಟ್ಟೆಯ ಅವಕಾಶಗಳಾಗಿ ಹೇಗೆ ಬೇರ್ಪಡುತ್ತದೆ ಎಂಬುದನ್ನೂ ಬಲ್ಲವರು ತಿಳಿಸಬೇಕು.

ಉತ್ತರ 1ರ ಮುಂದುವರಿಕೆ

ಮೆಟ್ಟಿಲು ಎನ್ನಬಾರದು. ಜಂತುಹುಳುವಿನ ಅವಕಾಶಕ್ಕೆ ಕರುಳಿನ ಕಡೆ ಮಧ್ಯಸ್ತರದ ಹೊದಿಕೆ ಇಲ್ಲ ಎಂಬುದು ನಿಜ. ಆದರೆ 1997ರಲ್ಲಿ ಪ್ರಕಟವಾದ ಅನುವಂಶಿಕ ಅನುಕ್ರಮಗಳ ಅಧ್ಯಯನ ದುಂಡುಹುಳುಗಳನ್ನು ಸಂಧಿಪದಿಗಳ ಜೊತೆ, ಪೊರೆ ಕಳಚುವ ಪ್ರಾಣಿಗಳ ಒಂದೇ ಬಳಗದಲ್ಲಿ ಇರಿಸಿತು. ದೇಹಾವಕಾಶದ ಏಣಿಯನ್ನು ವಂಶವೃಕ್ಷವೆಂದು ಕಲಿಸುವುದನ್ನು ನಾವು ಬಿಡಲೇಬೇಕು.

ಉತ್ತರ 3 (ಮಕ್ಕಳ ಶಸ್ತ್ರಚಿಕಿತ್ಸಕ)

ನಾಲ್ಕನೇ ವಾರದಲ್ಲಿ ಮನುಷ್ಯನ ಭ್ರೂಣದ ಸೀಲೋಮ್ ಕುದುರೆ ಲಾಳದ ಆಕಾರದಲ್ಲಿರುತ್ತದೆ. ಅದರ ಬಾಗಿನಲ್ಲಿ ಹೃದಯಾವರಣದ ಅವಕಾಶವೂ, ಎರಡು ತೋಳುಗಳ ಹಿಂಭಾಗದಲ್ಲಿ ಹೊಟ್ಟೆಯ ಅವಕಾಶವೂ ರೂಪುಗೊಳ್ಳುತ್ತವೆ. ಇವುಗಳನ್ನು ಕೂಡಿಸುವ ಎರಡು ಕಾಲುವೆಗಳೊಳಕ್ಕೆ ಶ್ವಾಸಕೋಶದ ಮೊಗ್ಗುಗಳು ಬೆಳೆಯುತ್ತವೆ. ಆಮೇಲೆ ಹೃದಯದ ಹಿಂದಿನ ದಪ್ಪ ಅಡ್ಡಗೋಡೆ, ಎರಡು ಪಕ್ಕಗಳಿಂದ ಬರುವ ಪೊರೆಗಳು, ಅನ್ನನಾಳವನ್ನು ಹಿಡಿದಿರುವ ಪೊರೆ, ದೇಹಭಿತ್ತಿಯ ಸ್ನಾಯು, ಇವೆಲ್ಲ ಕೂಡಿ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯಾಗುತ್ತದೆ. ಆ ಅಡ್ಡಗೋಡೆ ಮೊದಲು ಕುತ್ತಿಗೆಯ ಮಟ್ಟದಲ್ಲಿದ್ದು ಕೆಳಗಿಳಿಯುವುದರಿಂದ ವಪೆಯ ನರ ಕುತ್ತಿಗೆಯ 3, 4, 5ನೇ ನರಖಂಡಗಳಿಂದ ಬರುತ್ತದೆ. ವಪೆಯ ಕೆಳಗೆ ರಕ್ತ ಸೇರಿದ ರೋಗಿ ಭುಜ ನೋಯುತ್ತದೆ ಎನ್ನುವುದು ಇದೇ ಕಾರಣಕ್ಕೆ.

ಪಕ್ಕದ ಪೊರೆ ಮುಚ್ಚದೆ ಉಳಿದರೆ ಕರುಳು ಎದೆಗೂಡಿಗೆ ನುಗ್ಗಿ ಶ್ವಾಸಕೋಶ ಬೆಳೆಯದಂತೆ ಮಾಡುತ್ತದೆ. ಇಂಥ ಶಿಶುಗಳಲ್ಲಿ ಹೆಚ್ಚಿನವರಿಗೆ ರಂಧ್ರ ಎಡಭಾಗದಲ್ಲೇ ಇರುತ್ತದೆ, ಹುಟ್ಟಿದ ಕೂಡಲೇ ಉಸಿರಾಟಕ್ಕೆ ಆಸರೆ ಕೊಡದಿದ್ದರೆ ಮಗು ಉಳಿಯುವುದು ಕಷ್ಟ. ನಾವು ಪದೇ ಪದೇ ಕಾಣುವುದು ಇದಕ್ಕಿಂತ ಸೌಮ್ಯವಾದ ಇನ್ನೊಂದು ತೊಂದರೆಯನ್ನು. ಗಂಡು ಭ್ರೂಣದಲ್ಲಿ ವೃಷಣದೊಂದಿಗೆ ಹೊಟ್ಟೆಯ ಅವಕಾಶದ ಒಳಪೊರೆಯೂ ಕೊಳವೆಯಾಗಿ ಕೆಳಗಿಳಿಯುತ್ತದೆ. ಅದು ಮುಚ್ಚಿಕೊಳ್ಳದಿದ್ದರೆ ದ್ರವ ಇಳಿದು ಹೈಡ್ರೋಸೀಲ್, ಕರುಳು ಇಳಿದು ಹರ್ನಿಯಾ ಆಗುತ್ತದೆ. ಆ ಕೊಳವೆಯನ್ನು ಬುಡದಲ್ಲಿ ಕಟ್ಟಿ ಮುಚ್ಚುವುದೇ ಗಂಡುಮಕ್ಕಳ ತೊಡೆಸಂದಿನ ಹರ್ನಿಯಾ ಶಸ್ತ್ರಚಿಕಿತ್ಸೆಯ ಮುಖ್ಯ ಕೆಲಸ.