ಬ್ರೂನೋ ಟೌಟ್ ಅವರ ಜಪಾನ್ ರೇಖಾಚಿತ್ರಗಳು: ಇಸೆ ದೇಗುಲದ ಮೂಲ ಭತ್ತದ ಕಣಜವೇ?

ಪ್ರಶ್ನೆ

ನಾಜಿಗಳು ಅಧಿಕಾರಕ್ಕೆ ಬಂದಾಗ ಜರ್ಮನಿಯನ್ನು ತೊರೆದ ವಾಸ್ತುಶಿಲ್ಪಿ ಬ್ರೂನೋ ಟೌಟ್ ಅವರು 1933ರ ಮೇ ತಿಂಗಳಿನಿಂದ 1936ರ ಅಕ್ಟೋಬರ್‌ವರೆಗೆ ಜಪಾನಿನಲ್ಲಿದ್ದರು. ಕಟ್ಟಡ ಕಟ್ಟುವ ಕೆಲಸ ಅವರಿಗೆ ಅಲ್ಲಿ ಹೆಚ್ಚೇನೂ ದೊರೆಯಲಿಲ್ಲವಾದ್ದರಿಂದ, ತಕಾಸಾಕಿಯ ಬೌದ್ಧ ದೇವಾಲಯವೊಂದರ ಆವರಣದ ಎರಡು ಕೋಣೆಗಳ ಪುಟ್ಟ ಮನೆಯಲ್ಲಿ ಉಳಿದುಕೊಂಡು ಬರೆಯುತ್ತ, ಚಿತ್ರಿಸುತ್ತ ಕಾಲ ಕಳೆದರು. ಇಸೆಯ ಶಿಂತೋ ದೇಗುಲವನ್ನು ಅವರು ಗ್ರೀಸಿನ ಪಾರ್ಥೆನಾನ್‌ಗೆ ಸರಿಸಮವೆಂದು ಕೊಂಡಾಡಿದ್ದಲ್ಲದೆ, ಅದರ ರೂಪದಲ್ಲಿ ಗದ್ದೆಯ ರೈತರ ಗುಡಿಸಲನ್ನೂ ಕಂಡರು. ಇದು ಚಿತ್ರಕಾರನ ಕಣ್ಣಿಗೆ ಹೊಳೆದ ಹೋಲಿಕೆ ಮಾತ್ರವೇ, ಅಥವಾ ಇದಕ್ಕೆ ಪುರಾತತ್ತ್ವದ ಆಧಾರವೂ ಇದೆಯೇ? ನಾನು ವಾಸ್ತುಶಿಲ್ಪದ ವಿದ್ಯಾರ್ಥಿ. ಇಸೆಯ ಮುಖ್ಯ ಕಟ್ಟಡದ ಪಕ್ಕನೋಟವನ್ನು ಅಭ್ಯಾಸಕ್ಕೆಂದು ಬರೆಯುವಾಗ, ಗೋಡೆಗೆ ತಾಗದೆ ಹೊರಗೆ ಒಂಟಿಯಾಗಿ ನಿಂತಿರುವ ಕಂಬವೊಂದರ ಬಳಿ ನನ್ನ ಪೆನ್ಸಿಲ್ ನಿಂತುಹೋಯಿತು. ಅದು ಅಲ್ಲೇಕಿದೆ ಎಂಬುದೂ ತಿಳಿಯಲಿಲ್ಲ.

ಮೊದಲ ಉತ್ತರ

ನಿಮ್ಮ ಪೆನ್ಸಿಲ್ ಸರಿಯಾದ ಜಾಗದಲ್ಲೇ ನಿಂತಿದೆ. ಆ ಕಂಬಕ್ಕೆ ಮುನಾಮೋಚಿ-ಬಾಶಿರಾ ಎಂದು ಹೆಸರು. ಮಾಡಿನ ನೆತ್ತಿಯ ಮೇಲಿನ ಉದ್ದನೆಯ ತೊಲೆಯನ್ನು ಎರಡೂ ತುದಿಗಳಲ್ಲಿ ನೆಲದಿಂದಲೇ ನೇರವಾಗಿ ಹೊರುವುದು ಅದರ ಕೆಲಸ. ಕಟ್ಟಡದ ಉಳಿದ ಲಕ್ಷಣಗಳನ್ನೂ ಇದರ ಜೊತೆಗಿಟ್ಟು ನೋಡಿ: ಅಡಿಗಲ್ಲಿಲ್ಲದೆ ಮಣ್ಣಿನಲ್ಲಿ ಹೂತ ಕಂಬಗಳು, ಎತ್ತರಿಸಿದ ನೆಲ, ಅಡ್ಡಹಲಗೆಗಳ ಗೋಡೆ, ಹುಲ್ಲಿನ ಮಾಡು. ತೇವ ಮತ್ತು ಇಲಿಗಳಿಂದ ಧಾನ್ಯವನ್ನು ಕಾಯಬೇಕಾದವನು ಕಟ್ಟುವುದೇ ಹೀಗೆ.

ಟೌಟ್ ಅವರು 1938ರಲ್ಲಿ ಇಸ್ತಾಂಬುಲ್‌ನಲ್ಲಿ ತೀರಿಕೊಂಡರು. ಅದಾಗಿ ಐದು ವರ್ಷಗಳ ನಂತರ, ಯುದ್ಧಕಾಲದಲ್ಲಿ ಕಾರ್ಖಾನೆಯೊಂದಕ್ಕಾಗಿ ನೆಲ ಅಗೆಯುತ್ತಿದ್ದಾಗ ಶಿಝುವೋಕಾ ನಗರದ ತೋರೋ ಎಂಬಲ್ಲಿ ಜಪಾನಿನಲ್ಲಿ ಭತ್ತದ ಬೇಸಾಯ ಬೇರೂರಿದ ಪ್ರಾಚೀನ ಯಾಯೊಯಿ ಕಾಲದ ಹಳ್ಳಿಯೊಂದು ಗದ್ದೆಗಳ ಸಮೇತ ಬೆಳಕಿಗೆ ಬಂದಿತು. 1947ರಿಂದ ಅಲ್ಲಿ ಕ್ರಮಬದ್ಧವಾದ ಉತ್ಖನನ ನಡೆದು, ಕಣಜದ ಏಣಿಯೂ, ಇಲಿಗಳು ಕಂಬದಿಂದ ಮೇಲಕ್ಕೆ ಹತ್ತದಂತೆ ತಡೆಯುವ ಅಗಲವಾದ ಹಲಗೆಯೂ ದೊರೆತವು. ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತಲೂ ಬಲವಾದ ಸಾಕ್ಷಿ ಇನ್ನೊಂದಿದೆ, ಮತ್ತು ಅದೂ ಒಂದು ರೇಖಾಚಿತ್ರವೇ. ಕಾಗಾವಾ ಪ್ರಾಂತ್ಯದಲ್ಲಿ ಸಿಕ್ಕಿತೆನ್ನಲಾದ, ಈಗ ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಕಂಚಿನ ಘಂಟೆಯ ಮೇಲೆ ಎತ್ತರದ ಕಣಜವೊಂದರ ಚಿತ್ರ ಎರಕಗೊಂಡಿದೆ. ಕೆಲವೇ ಗೆರೆಗಳ ಚಿತ್ರ. ಅಷ್ಟರಲ್ಲೇ ಮೇಲೇರಲು ಏಣಿಯಿದೆ, ಮತ್ತು ಗೋಡೆಯಿಂದ ಹೊರಗೆ, ಮಾಡಿನ ಎರಡೂ ಕೊನೆಗಳಲ್ಲಿ, ನಿಮ್ಮನ್ನು ತಡೆದು ನಿಲ್ಲಿಸಿದ ಅದೇ ಒಂಟಿ ಕಂಬವಿದೆ.

ಹಾಗೆಂದು ಇಸೆಯನ್ನು ಶುದ್ಧ ಕಣಜವೆಂದು ಕರೆಯಲಾಗದು. ಜಗಲಿಯ ಕಟಕಟೆಯ ಮೇಲಿರುವ ಐದು ಬಣ್ಣಗಳ ಗುಂಡುಗಳು ಮತ್ತು ಚಿನ್ನದ ಲೇಪದ ಲೋಹದ ಕಟ್ಟುಗಳು ಚೀನಾ, ಕೊರಿಯಾಗಳ ಕಡೆಯಿಂದ ಬೌದ್ಧ ಶಿಲ್ಪದ ಜೊತೆ ಬಂದ ಅಭಿರುಚಿಯವು. ಇಪ್ಪತ್ತು ವರ್ಷಗಳಿಗೊಮ್ಮೆ ದೇಗುಲವನ್ನು ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟುವ ಪದ್ಧತಿ ಏಳನೆಯ ಶತಮಾನದಲ್ಲಿ ಆರಂಭವಾಗಿದ್ದು, 62ನೇ ಬಾರಿಯ ನಿರ್ಮಾಣ 2013ರಲ್ಲಿ ಮುಗಿಯಿತು; ಆದರೆ ಅಂತರ್ಯುದ್ಧಗಳ ಕಾಲದಲ್ಲಿ ಈ ಪದ್ಧತಿ ನೂರು ವರ್ಷಗಳಿಗೂ ಹೆಚ್ಚು ಕಾಲ ನಿಂತುಹೋಗಿತ್ತು. ಆದ್ದರಿಂದ ಇಂದು ಕಾಣುವ ಪ್ರತಿ ಗೆರೆಯೂ ಏಳನೆಯ ಶತಮಾನದ್ದೆಂದು ನಂಬುವುದು ಕಷ್ಟ.

ಎರಡನೆಯ ಉತ್ತರ

ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಸರಳವಾಗಿ, ಹಳ್ಳಿಯದಾಗಿ ಕಾಣುವುದೆಲ್ಲ ಪ್ರಾಚೀನವಲ್ಲ. ಟೌಟ್ ಅವರು 1935ರಲ್ಲಿ ಶಿರಾಕಾವಾ ಕಣಿವೆಗೆ ಹೋಗಿ, ಅಲ್ಲಿನ ಗಾಶ್ಶೋ ಮನೆಗಳ ರಚನೆಯನ್ನು ಅದರ ತರ್ಕಬದ್ಧತೆಗಾಗಿ ಮೆಚ್ಚಿಕೊಂಡರು. ಕೈಮುಗಿದಂತೆ ಕಡಿದಾಗಿ ನಿಂತ ಆ ಮಾಡು ಹಿಮ ಜಾರಿಬೀಳಲಿ ಎಂದು ಮಾತ್ರ ಆದದ್ದಲ್ಲ. ಅಟ್ಟದ ಮೇಲೆ ಅಟ್ಟ ಹಾಕಿ ರೇಷ್ಮೆ ಹುಳು ಸಾಕುವ ಕಸುಬು ಎದೋ ಕಾಲದಲ್ಲಿ (17ರಿಂದ 19ನೇ ಶತಮಾನ) ಬೆಳೆದಂತೆ ಮನೆಯೂ ಮೇಲಕ್ಕೆ ಬೆಳೆಯಿತು. ನಾನು ಆ ಕಣಿವೆಯ ಓಗಿಮಾಚಿ ಹಳ್ಳಿಯಲ್ಲಿ ಅಂಥದೊಂದು ಮನೆಯ ಅಟ್ಟ ಹತ್ತಿದ್ದೇನೆ. ಮಾಡಿನ ದೊಡ್ಡ ಮರಗಳ ಬುಡವನ್ನು ಪೆನ್ಸಿಲ್ಲಿನ ಮೊನೆಯಂತೆ ಚೂಪು ಮಾಡಿ ಅಡ್ಡತೊಲೆಯ ಕುಳಿಯೊಳಗೆ ಸುಮ್ಮನೆ ಕೂರಿಸಿದ್ದಾರೆ. ಮೇಲಿನ ಸಂದುಗಳಲ್ಲಿ ಮೊಳೆಯಿಲ್ಲ, ಒಲೆಯ ಹೊಗೆಗೆ ಕಪ್ಪಾದ ಹುಲ್ಲುಹಗ್ಗ ಮತ್ತು ಹಸಿ ಇದ್ದಾಗಲೇ ತಿರುಚಿ ಬಿಗಿದ ಕಾಡುಗಿಡದ ಕೊಂಬೆಗಳಿವೆ. ಗಾಳಿಗೆ ಮಾಡು ಒಂದಿಷ್ಟು ಅಲುಗಾಡಬಲ್ಲದು, ಮುರಿಯಲಾರದು.

ಇನ್ನೊಂದು ತೊಡಕೂ ಇದೆ. ತೋರೋದಲ್ಲಿ ನೆಲದ ಮೇಲಿನ ಭಾಗ ಬಹುಮಟ್ಟಿಗೆ ಉಳಿದಿರಲಿಲ್ಲವಾದ್ದರಿಂದ, ಅಲ್ಲಿನ ವಾಸದ ಮನೆಗಳ ಮಾಡನ್ನು ಮರುರಚಿಸುವಾಗ ವಿದ್ವಾಂಸ ಸೆಕಿನೋ ಮಸಾರು ಅವರು 18ನೇ ಶತಮಾನದ ಕಬ್ಬಿಣ ಕರಗಿಸುವ ಕೊಟ್ಟಿಗೆಯ ವಿವರಣೆಯನ್ನು ಆಧರಿಸಿದರು. ಹೊಸತನ್ನು ನೋಡಿ ಹಳೆಯದನ್ನು ಊಹಿಸಿ, ಆಮೇಲೆ ಆ ಹಳೆಯದೇ ಹೊಸತರ ಮೂಲವೆಂದು ವಾದಿಸಿದರೆ ಸುತ್ತಿ ಸುತ್ತಿ ಅಲ್ಲಿಗೇ ಬಂದಂತಾಗುತ್ತದೆ. ಕಂಚಿನ ಘಂಟೆಯ ಚಿತ್ರಕ್ಕೆ ಈ ದೋಷ ತಟ್ಟುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಹಾಗಿದ್ದರೆ ಕ್ಯೋಟೋದ ಕತ್ಸುರಾ ಅರಮನೆಯನ್ನು ಕುರಿತು 1934ರಲ್ಲಿ ಟೌಟ್ ಅವರು ಕುಂಚದಿಂದ ಬರೆದ ಚಿತ್ರಸಂಪುಟವನ್ನು ಹೇಗೆ ಓದಬೇಕು?

ಮೂರನೆಯ ಉತ್ತರ

ಅದನ್ನು ಅಳತೆಯ ನಕ್ಷೆಯೆಂದು ಓದಬೇಡಿ. ಚಿತ್ರ ಮತ್ತು ಬರಹ ಒಂದೇ ಹಾಳೆಯಲ್ಲಿ, ಒಂದೇ ಕುಂಚದಲ್ಲಿ ಹರಿದಿವೆ. ಕಟ್ಟಡಕ್ಕಿಂತ ಹೆಚ್ಚಾಗಿ ತೋಟದಲ್ಲಿ ನಡೆಯುವವನ ನೋಟ ಎಲ್ಲೆಲ್ಲಿ ತಿರುಗುತ್ತದೆ ಎಂಬುದನ್ನು ಅವು ಹಿಡಿಯುತ್ತವೆ. ಜಪಾನಿಗೆ ಬಂದ ಮರುದಿನವೇ, 1933ರ ಮೇ 4ರಂದು, ಟೌಟ್ ಅವರ ಹುಟ್ಟುಹಬ್ಬದಂದು, ಆತಿಥೇಯ ವಾಸ್ತುಶಿಲ್ಪಿಗಳು ಅವರನ್ನು ಕತ್ಸುರಾಗೆ ಕರೆದೊಯ್ದಿದ್ದರು. ಆ ಆತಿಥೇಯರೂ ಆಧುನಿಕತಾವಾದಿಗಳೇ ಆಗಿದ್ದರೆಂಬುದನ್ನು ಮರೆಯಬಾರದು. ಕತ್ಸುರಾವನ್ನು ಎತ್ತಿ ಹಿಡಿದು ನಿಕ್ಕೋದ ಅಲಂಕಾರಭರಿತ ತೋಶೋಗೂ ದೇಗುಲವನ್ನು ಹಳಿದ ಟೌಟ್ ಅವರ ತೀರ್ಪು ನನಗೆ ತುಸು ಅವಸರದ್ದಾಗಿ ಕಾಣುತ್ತದೆ, ಏಕೆಂದರೆ ಎರಡೂ 17ನೇ ಶತಮಾನದ ಕೃತಿಗಳೇ, ಮತ್ತು ಕತ್ಸುರಾದಲ್ಲಿ ಅಲಂಕಾರವಿಲ್ಲವೆಂಬುದು ಸುಳ್ಳು. ಅಲ್ಲಿನ ಶೋಕಿನ್-ತೇಯ್ ಚಹಾಗೃಹದ ಗೋಡೆಗೆ ನೀಲಿ-ಬಿಳಿ ಚೌಕಳಿಯ ಕಾಗದ ಅಂಟಿಸಿದ್ದಾರೆ; ಅರಮನೆಯ ಜಾರುಬಾಗಿಲುಗಳಲ್ಲಿ ಬೆರಳಿಟ್ಟು ಎಳೆಯುವ ಲೋಹದ ಹಿಡಿಕೆಗಳಿಗೆ ‘ಚಂದ್ರ’ ಎಂಬ ಅಕ್ಷರದ ಆಕಾರ ಕೊಟ್ಟಿದ್ದಾರೆ. ನೀವು ಕತ್ಸುರಾವನ್ನು ಬರೆಯಲು ಕುಳಿತಾಗ ಆ ಹಿಡಿಕೆಯಿಂದಲೇ ಆರಂಭಿಸಿ ನೋಡಿ.