ಸಹಾಯ ಬೇಕು: ನಮ್ಮ ಬಡಾವಣೆ ಎಷ್ಟು ಸುಸ್ಥಿರ ಅಂತ ಅಳೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಅಂಚಿನಲ್ಲಿ 240 ಮನೆಗಳ ಬಡಾವಣೆ ನಮ್ಮದು. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ, ಟ್ಯಾಂಕರ್ ಹಿಂದೆ ಓಡಿದ್ದೇ ಓಡಿದ್ದು. ಹಾಗಾಗಿ ಇಡೀ ಬಡಾವಣೆಯನ್ನು ಒಮ್ಮೆ ಅಳೆದು, ಮುಂದಿನ ಐದು ವರ್ಷಕ್ಕೆ ಯೋಜನೆ ಮಾಡೋಣ ಅಂತ ಸಂಘದಲ್ಲಿ ತೀರ್ಮಾನವಾಯಿತು. ಆ ಕೆಲಸ ನನ್ನ ಪಾಲಿಗೆ ಬಂದಿದೆ.

ಮೊದಲು ನೀರಿನ ಲೆಕ್ಕ ಹಾಕಿದೆ. ತಲಾ 135 ಲೀಟರ್, ಮನೆಗೆ ನಾಲ್ಕು ಜನ ಅಂದರೆ ದಿನಕ್ಕೆ ಸುಮಾರು 1.3 ಲಕ್ಷ ಲೀಟರ್ ಬೇಕು. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಅಂದುಕೊಂಡರೆ, 100 ಚದರ ಮೀಟರ್ ತಾರಸಿ ಮೇಲೆ 97,000 ಲೀಟರ್ ಬೀಳುತ್ತದೆ. ಎಷ್ಟೊಂದು ನೀರು! ನಿನ್ನೆ ಒಂದು ಮನೆಯ ಮಳೆಕೊಯ್ಲು ಫಿಲ್ಟರ್ ಮುಚ್ಚಳ ತೆಗೆದು ನೋಡಿದೆ. ಹೊಂಗೆ ಎಲೆ ಕೊಳೆತು, ಜಲ್ಲಿ ಮೇಲೆ ಕಪ್ಪು ಕೆಸರಾಗಿ ಕೂತಿತ್ತು. ಸುಮ್ನೆ 'ಮಳೆಕೊಯ್ಲು ಇದೆ' ಅಂತ ಟಿಕ್ ಹಾಕಿದರೆ ಸಾಲದು, ಅಲ್ವಾ?

ಐಜಿಬಿಸಿಯಲ್ಲಿ (ಕಟ್ಟಡಗಳು ಎಷ್ಟು ಪರಿಸರಸ್ನೇಹಿ ಅಂತ ಅಳೆದು ಪ್ರಮಾಣಪತ್ರ ಕೊಡುವ ಭಾರತೀಯ ಹಸಿರು ಕಟ್ಟಡ ಮಂಡಳಿ) ಈಗಾಗಲೇ ಜನ ವಾಸವಿರುವ ವಸತಿ ಸಮುಚ್ಚಯಗಳಿಗೂ ರೇಟಿಂಗ್ ಇದೆ. ಅದನ್ನು ನಮ್ಮಂಥ ಬಿಡಿ ಮನೆಗಳ ಬಡಾವಣೆಗೆ ಯಾರಾದರೂ ಬಳಸಿದ್ದೀರಾ? ಅಥವಾ 'ಗೃಹ' (GRIHA), 'ಲೀಡ್' (LEED) ಅನ್ನೋ ಬೇರೆ ಹಸಿರು ಕಟ್ಟಡ ರೇಟಿಂಗ್‌ಗಳನ್ನು ನೋಡಿಕೊಂಡು ನಾವೇ ಒಂದು ಪಟ್ಟಿ ಮಾಡಿಕೊಳ್ಳೋದು ಒಳ್ಳೆಯದಾ? ನನಗೆ ಎರಡನೆಯದೇ ಸರಿ ಅನಿಸುತ್ತದೆ. ನಮಗೆ ಬೇಕಿರುವುದು ಪ್ರಮಾಣಪತ್ರ ಅಲ್ಲ.

ಇನ್ನೊಂದು ವಿಷಯ. ಎದುರು ಮನೆ ಅಜ್ಜಿ ಬಸ್ ಸ್ಟಾಪಿಗೆ ಹೋಗುವಾಗ ಫುಟ್‌ಪಾತ್ ಇಲ್ಲದೆ, ಅಲುಗಾಡುವ ಚರಂಡಿ ಚಪ್ಪಡಿಗಳ ಮೇಲೆ ಹೆಜ್ಜೆ ಇಡುತ್ತಾರೆ. ಇಂಥದ್ದಕ್ಕೆ ಅಂಕ ಹೇಗೆ ಕೊಡೋದು?

ಮನೆಮನೆ ಸರ್ವೆಗೆ ಬಳಸಿದ ಪ್ರಶ್ನೆಗಳು, ಎಕ್ಸೆಲ್ ಶೀಟ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ಕನ್ನಡದಲ್ಲಿದ್ದರೆ ಇನ್ನೂ ಒಳ್ಳೆಯದು. ಮುಂಗಾರಿಗೆ ಮುಂಚೆ ಸರ್ವೆ ಮುಗಿಸಬೇಕು ಅಂತಿದ್ದೇವೆ.